ಡೇರೆ ಗೆಡ್ಡೆ ಮತ್ತು ಮೂರು ಮಳೆಗಾಲ

ನಾನು ಬಯಲುಸೀಮೆಯವಳು. ಮದುವೆಯಾಗಿ ಶಿರಸಿ ಹತ್ತಿರದ ಅಡಿಕೆ ತೋಟದ ಮನೆಗೆ ಬಂದ ವರ್ಷ, ಚೌತಿಯ ಹೊತ್ತಿಗೆ ಅಂಗಳ ನೋಡಿ ಬೆರಗಾಗಿದ್ದೆ. ಕೆಂಪು, ಹಳದಿ, ನೇರಳೆ, ಅಂಗೈಗಿಂತ ದೊಡ್ಡ ಹೂವುಗಳು. 'ಎಷ್ಟು ಚೆನ್ನಾಗಿದೆ ಈ ಡೇಲಿಯಾ' ಎಂದೆ. ಅತ್ತೆ ನಕ್ಕರು. ಇಲ್ಲಿ ಅದು ಡೇರೆ. ಡೇಲಿಯಾ ಎಂದವರು ಹೊರಗಿನವರು ಅಂತ ತಕ್ಷಣ ಗೊತ್ತಾಗುತ್ತದೆ.

ಎರಡು ವರ್ಷದ ಮೇಲೆ ಅತ್ತೆಗೆ ಮಂಡಿ ನೋವು ಜಾಸ್ತಿಯಾಯಿತು. ಅಂಗಳ ನನ್ನ ಕೈಗೆ ಬಂತು. ಅವರನ್ನು ಕೇಳಬಹುದಿತ್ತು, ಪಕ್ಕದ ಕೋಣೆಯಲ್ಲೇ ಇದ್ದರು. ನಾನು ಕೇಳಲಿಲ್ಲ. ಮೊಬೈಲಿನಲ್ಲಿ ಯಾವುದೋ ಚಳಿ ದೇಶದವರ ವಿಡಿಯೋ ನೋಡಿ, ಅರ್ಧ ಅಡಿ ಗುಂಡಿ ತೆಗೆದು, ಕೈತುಂಬ ಗೊಬ್ಬರ ಹಾಕಿ ಗೆಡ್ಡೆ ಹೂತೆ. ಆರಿದ್ರಾ ಮಳೆ ಹಿಡಿಯಿತು. ಹನ್ನೊಂದು ಗೆಡ್ಡೆಯಲ್ಲಿ ಒಂಬತ್ತು ಕೊಳೆತವು. ಅಗೆದು ನೋಡಿದರೆ ಬೆಂದ ಗೆಣಸಿನ ಹಾಗೆ ಬೆರಳಿಗೆ ಅಂಟಿದವು.

ಮರುವರ್ಷ ಒಂದು ನರ್ಸರಿಯಿಂದ ದುಡ್ಡು ಕೊಟ್ಟು ತರಿಸಿದೆ. ನೋಡಲು ದಷ್ಟಪುಷ್ಟ ಗೆಡ್ಡೆಗಳು. ತಿಂಗಳಾದರೂ ಒಂದು ಮೊಳಕೆ ಇಲ್ಲ. ಆಗ ಅತ್ತೆ ಒಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ, 'ಇದಕ್ಕೆ ಕಣ್ಣೇ ಇಲ್ಲ' ಎಂದರು. ಡೇರೆ ಆಲೂಗಡ್ಡೆಯ ಹಾಗಲ್ಲ. ಆಲೂಗಡ್ಡೆಯ ಮೈಮೇಲೆಲ್ಲ ಕಣ್ಣಿರುತ್ತವೆ. ಡೇರೆಗೆ ಕಣ್ಣಿರುವುದು ಕುತ್ತಿಗೆಯಲ್ಲಿ, ಗೆಡ್ಡೆ ಹಳೆಯ ಕಾಂಡಕ್ಕೆ ಸೇರುವ ಜಾಗದಲ್ಲಿ ಮಾತ್ರ. ಕುತ್ತಿಗೆ ಮುರಿದ ಗೆಡ್ಡೆ ಎಷ್ಟು ದಪ್ಪವಿದ್ದರೂ ಮಣ್ಣಿನಲ್ಲಿ ಸುಮ್ನೆ ಮಲಗಿರುತ್ತದೆ. ಗೆಡ್ಡೆ ಪಾಲು ಮಾಡುವಾಗ ಪ್ರತಿ ತುಂಡಿಗೂ ಹಳೆಯ ಕಾಂಡದ ಚೂರು ಸೇರಿಸಿ ಕುಯ್ಯಬೇಕು.

ಮೂರನೇ ವರ್ಷ ಗಿಡಗಳೇನೋ ಬಂದವು. ಎದೆಯೆತ್ತರ ಬೆಳೆದವು. ಬರೀ ಎಲೆ! ಸಗಣಿ ಗೊಬ್ಬರ ಸುರಿದಿದ್ದೆನಲ್ಲ, ಗಿಡಕ್ಕೆ ಹೂ ಬಿಡುವ ನೆನಪೇ ಆಗಲಿಲ್ಲ. ಉಳಿದದ್ದನ್ನು ಪುಷ್ಯ ಮಳೆಯ ಗಾಳಿ ಮಲಗಿಸಿತು. ಡೇರೆಯ ಕಾಂಡ ಒಳಗೆ ಟೊಳ್ಳು, ಹೂವಿನ ಭಾರ ತಡೆಯುವುದಿಲ್ಲ.

ಆಮೇಲೆ ಮರ್ಯಾದೆಯಾಗಿ ಅತ್ತೆಯ ಪಕ್ಕ ಕುಳಿತೆ. ಅವರು ಹೇಳಿದ್ದರಲ್ಲಿ ಮುಖ್ಯವಾದದ್ದು ಒಂದೇ. ಮಳೆಗಾಲದ ಹೂ ಅಂತ ಅದನ್ನು ಮಳೆಗೆ ಬಿಡಬೇಡ. ಈಗ ಯೋಚಿಸಿದರೆ ಅದರ ಕಾರಣವೂ ತಿಳಿಯುತ್ತದೆ. ಡೇರೆಯ ತವರು ಮೆಕ್ಸಿಕೋದ ಎತ್ತರದ ಪ್ರದೇಶ. 1963ರಿಂದ ಅದು ಅಲ್ಲಿನ ರಾಷ್ಟ್ರೀಯ ಹೂವೂ ಹೌದು. ಅಲ್ಲಿಯೂ ನಮ್ಮ ಹಾಗೆಯೇ ಜೂನ್ ಹೊತ್ತಿಗೆ ಮಳೆ, ಆಮೇಲೆ ಒಣ ಚಳಿಗಾಲ. ಆ ಒಣ ದಿನ ಕಳೆಯಲೆಂದೇ ಗಿಡ ಗೆಡ್ಡೆ ಕಟ್ಟಿಕೊಳ್ಳುತ್ತದೆ. ಹಾಗಾಗಿ ಮಲೆನಾಡು ಅದಕ್ಕೆ ಒಗ್ಗಿತು. ಆದರೆ ನಮ್ಮ ಜುಲೈ ಮಳೆ ಅದರ ಲೆಕ್ಕಕ್ಕೆ ವಿಪರೀತ.

ಈಗ ನಾನು ಮಾಡುವುದು ಹೀಗೆ. ಮೇ ನಡುವಿನಲ್ಲಿ, ರೋಹಿಣಿ ಮಳೆಗೂ ಮೊದಲೇ, ಅರ್ಧಕ್ಕೆ ಕತ್ತರಿಸಿದ ಸಿಮೆಂಟ್ ಚೀಲಗಳಿಗೆ ಮಣ್ಣು ತುಂಬುತ್ತೇನೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಹಳೆಯ ಗೊಬ್ಬರ. ಚೀಲದ ತಳದಲ್ಲಷ್ಟೇ ಅಲ್ಲ, ಬದಿಗಳಲ್ಲೂ ತೂತು. ಗೆಡ್ಡೆಯನ್ನು ಅಡ್ಡಕ್ಕೆ ಮಲಗಿಸಿ ಮೇಲೆ ಎರಡು ಬೆರಳು ಮಣ್ಣು, ಅಷ್ಟೇ. ಮೊಳಕೆ ಕಾಣುವ ತನಕ ನೀರು ಚಿಮುಕಿಸಿದರೆ ಸಾಕು. ಗಿಡ ಎದ್ದಂತೆಲ್ಲ ಬುಡಕ್ಕೆ ಮಣ್ಣು ಏರಿಸುತ್ತೇನೆ. ನಾಲ್ಕು ಜೋಡಿ ಎಲೆಯಾದಾಗ ತುದಿ ಚಿವುಟುತ್ತೇನೆ. ಮೃಗಶಿರಾ ಮಳೆಯಲ್ಲಿ ಹಾಗೆ ಚಿವುಟಿದ ತುದಿಯನ್ನು ಮರಳಿಗೆ ಚುಚ್ಚಿದರೆ ಅದೂ ಬೇರು ಬಿಡುತ್ತದೆ.

ಚೀಲಗಳೆಲ್ಲ ಮಾಡಿನ ಅಡಿ ಇರುತ್ತವೆ. ಸೂರಿನ ನೀರು ಬೀಳುವ ಗೆರೆಯಿಂದ ಒಂದು ಗೇಣು ಒಳಗೆ. ಆ ಗೇಣು ತಪ್ಪಿದರೆ ಗಿಡ ಹೋಯಿತೆಂದೇ ಲೆಕ್ಕ. ಮಳೆ ಸ್ವಲ್ಪ ಹೊಳವಾದರೆ ಬಿಸಿಲಿಗೆ ಎಳೆಯುವುದು, ಮತ್ತೆ ಒಳಗೆ ನೂಕುವುದು. ಮಘಾ ಮಳೆಯ ಹೊತ್ತಿಗೆ ಪೂರ್ತಿ ಅಂಗಳಕ್ಕೆ. ಆಸರೆಗೆ ಅಡಿಕೆ ದಬ್ಬೆ, ಕಟ್ಟಲು ಬಾಳೆ ನಾರು. ದೊಡ್ಡ ಹೂ ಬೇಕಿದ್ದರೆ ನಡುವಿನ ಮೊಗ್ಗು ಒಂದನ್ನೇ ಬಿಟ್ಟು ಪಕ್ಕದವನ್ನು ಚಿವುಟಬೇಕು. ನನಗೆ ಇವತ್ತಿಗೂ ಮನಸ್ಸು ಬರುವುದಿಲ್ಲ, ನಮ್ಮ ಮನೆಯ ಹೂ ಸ್ವಲ್ಪ ಸಣ್ಣವೇ. ಬಸವನಹುಳುವಿಗೆ ಬೂದಿ ಹಾಕಿ ಸೋತೆ, ಒಂದೇ ಮಳೆಗೆ ತೊಳೆದು ಹೋಗುತ್ತದೆ. ರಾತ್ರಿ ಊಟವಾದ ಮೇಲೆ ಟಾರ್ಚ್ ಹಿಡಿದು ಹೆಕ್ಕುವುದೇ ಗತಿ.

ಉಳಿದ ಕಾಲದ್ದು ಇಷ್ಟು ಕಷ್ಟವಿಲ್ಲ. ಡೇರೆಯ ಜೊತೆಗೇ ಕರ್ಣಕುಂಡಲ, ಬೇಲಿಗೆ ಹೀರೆ. ಮಳೆ ಹೋದ ಮೇಲೆ ಸೇವಂತಿಗೆ, ಬದನೆ. ಬೇಸಿಗೆಗೆ ಬಚ್ಚಲ ನೀರಿನಲ್ಲಿ ಬಸಳೆ, ಹರಿವೆ.

ಡೇರೆಯ ನಿಜವಾದ ಕೆಲಸ ಶುರುವಾಗುವುದು ಹೂ ಮುಗಿದ ಮೇಲೆ. ದಸರೆ ಕಳೆದು ಹಗಲು ಚಿಕ್ಕದಾಗುವಾಗ ಗೆಡ್ಡೆ ಬಲಿಯುತ್ತದೆ. ಗಿಡ ಸೊರಗಿತು ಅಂತ ಆಗ ಕಿತ್ತು ಎಸೆಯಬಾರದು. ದೀಪಾವಳಿಯ ನಂತರ ನೀರು ನಿಲ್ಲಿಸಿ, ಕಾಂಡ ಒಣಗಿದ ಮೇಲೆ ಗೇಣುದ್ದ ಬಿಟ್ಟು ಕತ್ತರಿಸುತ್ತೇನೆ. ಎರಡು ವಾರ ಬಿಟ್ಟು ಅಗೆದು, ನೆರಳಲ್ಲಿ ಆರಿಸಿ, ಬೂದಿ ಬೆರೆಸಿದ ಒಣ ಮರಳಿನಲ್ಲಿ ಮಡಕೆಯೊಳಗೆ ಇಡುತ್ತೇನೆ. ಬಣ್ಣದ ಹೆಸರು ಬರೆದ ಚೀಟಿಯನ್ನು ಒಂದು ವರ್ಷ ಗೆದ್ದಲು ತಿಂದಿತ್ತು. ಈಗ ಅಡಿಕೆ ದಬ್ಬೆಯ ಚೂರಿನ ಮೇಲೆ ಪೇಂಟಿನಲ್ಲಿ ಬರೆಯುತ್ತೇನೆ. ಈ ಉಪಾಯ ಆಚೆಮನೆ ಚಿಕ್ಕಮ್ಮನದು. ಅವರ ಅಂಗಳದಲ್ಲಿ ನಲವತ್ತಕ್ಕೂ ಹೆಚ್ಚು ಬಣ್ಣಗಳಿವೆ. ಒಂದು ಮದುವೆಮನೆಯಲ್ಲಿ ಅವರು ಊಟ ಮುಗಿಸಿ ಕೈ ತೊಳೆಯಲು ಹಿತ್ತಲಿಗೆ ಹೋದವರು ಅರ್ಧ ಗಂಟೆ ಬರಲಿಲ್ಲ. ಬರುವಾಗ ಕವಳದ ಸಂಚಿಯಲ್ಲಿ ಮೂರು ತುದಿಗಳಿದ್ದವು!

ನಾನು ಕೊಳೆಸಿದ ಬಣ್ಣಗಳು ತಿರುಗಿ ಬಂದದ್ದು ಇಂಥವರಿಂದಲೇ. ಯಾರಿಗೆಲ್ಲ ಗೆಡ್ಡೆ ಕೊಟ್ಟಿದ್ದೆ ಎಂದು ಅತ್ತೆ ಬೆರಳು ಮಡಚಿ ಲೆಕ್ಕ ಹೇಳಿದರು. ನಾನು ಸ್ಕೂಟರ್ ಹತ್ತಿದೆ. ಹಳದಿ ಚಿಕ್ಕಮ್ಮನ ಮನೆಯಲ್ಲಿತ್ತು. ನೇರಳೆ ಸಿದ್ದಾಪುರದ ನಾದಿನಿಯ ಹತ್ತಿರ. ಬಿಳಿ ಸಿಕ್ಕಿದ್ದು ಶಿರಸಿಯ ಮಲೆನಾಡು ಮೇಳದಲ್ಲಿ. ವನಸ್ತ್ರೀ ಬಳಗದವರು ಮಳೆಗಾಲದ ಹೊಸ್ತಿಲಲ್ಲಿ ನಡೆಸುವ ಆ ಮೇಳಕ್ಕೆ ಸುತ್ತಲಿನ ಹೆಂಗಸರು ಬೀಜ, ಗೆಡ್ಡೆ, ಗಿಡ ಹೊತ್ತು ಬರುತ್ತಾರೆ. 'ಯಂಗೊಂದು ಗೆಡ್ಡೆ ಕೊಡೆ' ಎನ್ನುವುದನ್ನು ನಾನು ಕಲಿತದ್ದು ಅಲ್ಲೇ.

ಸಿಗದಿರುವುದು ಒಂದೇ, ತುದಿ ಮಾತ್ರ ಬೆಳ್ಳಗಿರುವ ಕಡುಗೆಂಪು. ಅತ್ತೆ ಮದುವೆಯಾಗಿ ಬರುವಾಗ ತವರಿನಿಂದ ತಂದದ್ದು. ಯಾಣದ ದಾರಿಯಲ್ಲಿ ಒಂದು ಮನೆಯಲ್ಲಿದೆ ಎಂದು ಮೊನ್ನೆ ಯಾರೋ ಹೇಳಿದರು. ಭಾನುವಾರ ಹೋಗುವವಳಿದ್ದೇನೆ. ಗುರುತಿನವರಲ್ಲ, ಕೇಳಿದರೆ ಕೊಡುತ್ತಾರೋ ಇಲ್ಲವೋ. 'ಕೇಳಿ ತಂದ ಗಿಡಕ್ಕಿಂತ ಕದ್ದು ತಂದದ್ದೇ ಚೆನ್ನಾಗಿ ಬರ್ತದೆ' ಅಂತ ಚಿಕ್ಕಮ್ಮ ಹೇಳುತ್ತಿರುತ್ತಾರೆ. ಅವರನ್ನೂ ಕರೆದುಕೊಂಡೇ ಹೋಗುತ್ತೇನೆ.