ಹೆಜ್ಜಾರ್ಲೆ ಮರಿಯ ಗರಿ, ಮೀನಿನ ಕೊಬ್ಬು

ಕಡಲಹಕ್ಕಿಗಳು ಮರಿಗೆ ಏನು ತಿನ್ನಿಸುತ್ತವೆ ಎಂದು ತಿಳಿಯಲು ಬಳಸುವ ಐಸೊಟೋಪ್ (ಒಂದೇ ಮೂಲಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳನ್ನು ಅಳೆಯುವ) ವಿಧಾನವನ್ನೇ ನಾನು ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಗಳ (ಪೆಲಿಕನ್) ಮೇಲೆ ಮಾಡಿನೋಡಿದೆ. ಅನುಮತಿ ಪಡೆದು ಹುಣಸೆಮರಗಳ ಕೆಳಗೆ ಬಿದ್ದ ಮರಿಗಳ ಗರಿ, ಗೂಡಿನಿಂದ ಜಾರಿದ ಮೀನು ಆಯ್ದು ಮೈಸೂರಿಗೆ ತಂದೆ. ಡಬ್ಬಿಯ ಮುಚ್ಚಳ ಸಡಿಲವಾಗಿ ಬಸ್ಸಿನಲ್ಲಿ ಎಲ್ಲರೂ ನನ್ನನ್ನೇ ನೋಡಿದ್ದು ಬೇರೆ ಕಥೆ.

ಗೂಡಿನಲ್ಲೇ ಬೆಳೆದ ಗರಿಯ ಕೆರಾಟಿನ್ ಎಂಬ ಪ್ರೋಟೀನು ಆಮೇಲೆ ಬದಲಾಗುವುದಿಲ್ಲ. ಹಾಗಾಗಿ ಅಪ್ಪ-ಅಮ್ಮ ಉಣಿಸಿದ್ದರ ಲೆಕ್ಕ ಅದರಲ್ಲೇ ಉಳಿದಿರುತ್ತದೆ. ನೈಟ್ರೋಜನ್‌ನ ಭಾರದ ರೂಪವಾದ ನೈಟ್ರೋಜನ್-15 ಆಹಾರ ಸರಪಳಿಯ ಪ್ರತಿ ಮೆಟ್ಟಿಲಿಗೆ ಸುಮಾರು 3ರಿಂದ 4 ಪರ್ಮಿಲ್ (ಸಾವಿರಕ್ಕಿಷ್ಟು ಎಂಬ ಅಳತೆ) ಏರುತ್ತದೆ, ಅದು ಸರಿಯಾಗಿಯೇ ಬಂತು. ಕಾರ್ಬನ್‌ನ ಭಾರದ ರೂಪ ಕಾರ್ಬನ್-13 ಮಾತ್ರ ಕೈಕೊಟ್ಟಿತು: ಗರಿಗಿಂತ ಮೀನಿನ ಮೌಲ್ಯಗಳು ಎಷ್ಟು ಕೆಳಗಿದ್ದವೆಂದರೆ, ಮರಿಗಳು ಆ ಮೀನನ್ನು ಮುಟ್ಟಿಯೇ ಇಲ್ಲವೆನ್ನಬೇಕಿತ್ತು.

ಎರಡು ವಾರ ಐಸೊಟೋಪ್ ಅಳೆಯುವ ಯಂತ್ರವನ್ನೇ ಬೈದೆ. ಕೊನೆಗೆ ಕಾರ್ಬನ್-ನೈಟ್ರೋಜನ್ ಅನುಪಾತದ ಕಾಲಂ ನೋಡಿದೆ: 5ರ ಮೇಲೆ! ಕೊಬ್ಬಿಲ್ಲದ ಸ್ನಾಯುವಿನಲ್ಲಿ ಅದು 3.2ರ ಆಸುಪಾಸು, 3.5 ದಾಟಿದರೆ ಕೊಬ್ಬಿದೆ ಎಂದರ್ಥ. ಕೊಬ್ಬಿನಲ್ಲಿ ಕಾರ್ಬನ್-13 ಕಡಿಮೆ, ಅದೇ ಲೆಕ್ಕ ಕೆಡಿಸಿತ್ತು.

ಪ್ರತಿ ಮೀನಿನ ಪುಡಿಯನ್ನೂ ಎರಡು ಭಾಗ ಮಾಡಿದೆ. ಒಂದನ್ನು ಫ್ಯೂಮ್ ಹುಡ್‌ನೊಳಗೆ (ವಿಷದ ಆವಿ ಹೊರಗೆಳೆಯುವ ಕಪಾಟು) 2:1 ಕ್ಲೋರೊಫಾರ್ಮ್-ಮೆಥನಾಲ್‌ನಲ್ಲಿ, ಮೇಲಿನ ದ್ರಾವಣ ತಿಳಿಯಾಗುವವರೆಗೆ ತೊಳೆದು ಕಾರ್ಬನ್‌ಗೆ ಬಳಸಿದೆ. ತೊಳೆದರೆ ನೈಟ್ರೋಜನ್ ಮೌಲ್ಯ ಜರುಗಬಹುದು, ಹಾಗಾಗಿ ನೈಟ್ರೋಜನ್‌ಗೆ ತೊಳೆಯದ ಭಾಗ ಬಳಸಿದೆ. ಗರಿಗಳ ಎಣ್ಣೆಯನ್ನೂ ಇದೇ ದ್ರಾವಣದಲ್ಲಿ ತೆಗೆದೆ.

ಯಂತ್ರದಲ್ಲಿ ಮತ್ತೆ ಅಳೆದಾಗ ತೊಳೆದ ಮೀನಿನ ಅನುಪಾತ 3.3ಕ್ಕೆ ಇಳಿಯಿತು. ನಕ್ಷೆಯಲ್ಲಿ ಗರಿಯ ಚುಕ್ಕೆಗಳು ಮೀನಿನ ಚುಕ್ಕೆಗಳ ಪಕ್ಕಕ್ಕೆ ಬಂದು ಕೂತವು.