ದಾವೀದನ ಕೀರ್ತನೆ, ತಂಗಿಯ ಪಾಲು

ವರ್ಷಗಟ್ಟಲೆ ನಾನು ದೇವರ ಹತ್ತಿರ ಕ್ಷಮೆ ಕೇಳಿದ್ದೇನೆ. ತಂಗಿಯ ಹತ್ತಿರ ಕೇಳುವುದನ್ನು ತಪ್ಪಿಸಿಕೊಳ್ಳಲಿಕ್ಕೇ ದೇವರನ್ನು ಅಷ್ಟು ಸಲ ಕೇಳಿದೆ ಅಂತ ಈಗ ಅನಿಸುತ್ತದೆ.

ನಮ್ಮದು ಬೆಟಗೇರಿಯ ಬಾಸೆಲ್ ಮಿಶನ್ ಮನೆತನ. ಸ್ವಿಟ್ಜರ್ಲೆಂಡಿನಿಂದ 1834ರಲ್ಲಿ ಮಂಗಳೂರಿಗೆ ಬಂದಿಳಿದ ಈ ಪ್ರೊಟೆಸ್ಟಂಟ್ ಕ್ರೈಸ್ತ ಮಿಶನ್‌ನವರು ಮುಂದೆ ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಯ ತನಕ ಬಂದರು. ನಮ್ಮ ಹಿರಿಯರು ಆಮೇಲೆ ಸಭೆಗೆ, ಅಂದರೆ ಚರ್ಚಿಗೆ, ಸೇರಿದವರು. ಮನೆಯಲ್ಲಿ ದಿನಾ ಸಂಜೆ ಪ್ರಾರ್ಥನೆ, ರವಿವಾರ ಆರಾಧನೆ. ಅಪ್ಪ ತೀರಿಕೊಂಡಾಗ ಅವರ ಹೆಸರಿನಲ್ಲಿ ಇದ್ದದ್ದು ಒಂದೇ ಒಂದು ಮನೆ. ಉಯಿಲು ಬರೆದಿರಲಿಲ್ಲ.

ನಮ್ಮವರಲ್ಲೇ ಎಷ್ಟೋ ಜನರಿಗೆ ಇದು ಗೊತ್ತಿಲ್ಲ, ಹಾಗಾಗಿ ಹೇಳಿಬಿಡುತ್ತೇನೆ. ಆಸ್ತಿಯ ವಿಷಯದಲ್ಲಿ ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಉಯಿಲು ಬರೆಯದೆ ಗಂಡ ತೀರಿಕೊಂಡರೆ ಹೆಂಡತಿಗೆ ಮೂರನೇ ಒಂದು ಭಾಗ, ಉಳಿದದ್ದು ಮಕ್ಕಳಿಗೆ ಸಮಪಾಲು. ಗಂಡು, ಹೆಣ್ಣು ಅನ್ನುವ ಭೇದ ಇಲ್ಲ. ಮದುವೆಯಾಗಿ ಹೋದವಳು ಅನ್ನುವ ಮಾತೂ ಅದರಲ್ಲಿಲ್ಲ. ಅಂದರೆ ಅವ್ವನಿಗೆ, ನನಗೆ, ತಂಗಿಗೆ ತಲಾ ಮೂರನೇ ಒಂದು.

ನನಗೆ ಇದು ಆಗಲೇ ಗೊತ್ತಿತ್ತು. ತಂಗಿಗೆ ಗೊತ್ತಿರಲಿಲ್ಲ. ರಾಣೆಬೆನ್ನೂರಿನಿಂದ ಅವಳನ್ನು ಕರೆಸಿದೆ. ಉತಾರದಲ್ಲಿ ಹೆಸರು ಬದಲಿಸಲಿಕ್ಕೆ ಸುಮ್ನೆ ಒಂದು ಸಹಿ ಬೇಕು ಅಂದೆ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹಕ್ಕು ಬಿಟ್ಟ ಪತ್ರಕ್ಕೆ ಅವಳದೂ ಅವ್ವನದೂ ಸಹಿ ಆಯಿತು. ಅದಕ್ಕೂ ಮುಂಚೆ ಅವ್ವ ಒಂದೇ ಒಂದು ಮಾತು ಆಡಿದ್ದಳು, "ಆಕಿಗೂ ಏನರ ಕೊಡಪಾ." ನಾನು, "ಮದುವಿಯೊಳಗ ಕೊಟ್ಟದ್ದು ಸಾಲಲಿಲ್ಲೇನು? ನೀ ಸುಮ್ನ ಕುಂದರು" ಅಂದೆ. ಮನೆ ಮಾರಿ ಹುಬ್ಬಳ್ಳಿಯಲ್ಲಿ ಜಾಗ ತೆಗೆದುಕೊಂಡೆ, ಕಟ್ಟಿಸಿದೆ. ಅವ್ವ ಅದೇ ಮನೆಯಲ್ಲಿ ನಮ್ಮ ಜೊತೆ ಇದ್ದಳು, ಅಲ್ಲೇ ತೀರಿಕೊಂಡಳು. ಆ ವಿಷಯ ಮತ್ತೆ ಎತ್ತಲೇ ಇಲ್ಲ. ಎತ್ತಿ ಬೈದಿದ್ದರೆ ಚೆನ್ನಾಗಿತ್ತು.

ಕೊರಗು ಶುರುವಾದದ್ದು ಅವ್ವ ಹೋದ ಮೇಲೆ. ನಾನು ಮಾಡಿದ್ದು ಏನು? ಬೈಬಲ್‌ನ, ನಮ್ಮ ಮಾತಿನಲ್ಲಿ ಸತ್ಯವೇದದ, ಐವತ್ತೊಂದನೇ ಕೀರ್ತನೆ ಹಿಡಿದುಕೊಂಡೆ. ದೇವರೇ ನನ್ನನ್ನು ಕರುಣಿಸು, ನನ್ನ ಪಾಪವನ್ನು ಅಳಿಸಿಬಿಡು ಅಂತ ಇಸ್ರಾಯೇಲಿನ ಅರಸ ದಾವೀದ ಬೇಡಿಕೊಳ್ಳುವ ಕೀರ್ತನೆ. ಇಡೀ ಬಾಯಿಪಾಠ ಆಯಿತು. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ರವಿವಾರಗಳಂದು ಅದನ್ನೇ ಮನಸ್ಸಿನಲ್ಲಿ ಹೇಳಿಕೊಂಡು ಮುಂದೆ ಹೋಗುತ್ತಿದ್ದೆ. ಎರಡು ದಿನ ಹಗುರ ಅನಿಸುತ್ತಿತ್ತು, ಮತ್ತೆ ಅದೇ ಭಾರ. ಆ ಕೀರ್ತನೆಯಲ್ಲಿ ಒಂದು ವಚನ ನನಗೆ ಬಹಳ ಹಿತವಾಗಿತ್ತು, ನಿನಗೇ ಪಾಪ ಮಾಡಿದ್ದೇನೆ ಅಂತ ದಾವೀದ ದೇವರಿಗೆ ಹೇಳುವುದು. ಹಾಗಿದ್ದ ಮೇಲೆ ಲೆಕ್ಕ ದೇವರಿಗೂ ನನಗೂ ಮಾತ್ರ ಅಲ್ವಾ?

ಅಲ್ಲ ಅಂದವರು ನಮ್ಮ ಆಗಿನ ಸಭಾಪಾಲಕರು, ಅಂದರೆ ಚರ್ಚಿನ ಪಾಸ್ಟರ್. ಮನೆ ಭೇಟಿಗೆ ಬಂದಾಗ ಏನೋ ಮಾತಿಗೆ ಎಲ್ಲ ಹೇಳಿಬಿಟ್ಟೆ. ಸಮಾಧಾನದ ವಚನ ಓದುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ, "ತಂಗಿಗೆ ಹೇಳೀರೇನು?" ಇಲ್ಲ ಅಂದೆ, ಕೀರ್ತನೆಯ ಮಾತು ಎತ್ತಿದೆ. ಆಗ ಅವರು ಹೇಳಿದ್ದನ್ನು ನಾನು ಮರೆಯಲಾರೆ. "ದಾವೀದ ಅದನ್ನ ಹಾಡೂ ಹೊತ್ತಿಗೆ ಊರೀಯ ಸತ್ತಿದ್ದ. ಹೋಗಿ ಕೇಳಬೇಕಂದ್ರೂ ಮನುಷ್ಯಾ ಇರಲಿಲ್ಲ. ನಿಮ್ಮ ತಂಗಿ ಬದುಕ್ಯಾಳಲ್ರೀ."

ಎರಡನೇ ಸಮುವೇಲದ 11, 12ನೇ ಅಧ್ಯಾಯ ತೆಗೆದು ಓದಿದೆ. ದಾವೀದ ತಾನು ಕೂಡಿದ ಬತ್ಷೆಬೆಯ ಗಂಡ ಊರೀಯನನ್ನು ಯುದ್ಧದಲ್ಲಿ ಮುಂದೆ ನಿಲ್ಲಿಸಿ ಸಾಯಿಸಿದ ಮೇಲೆಯೇ ಪ್ರವಾದಿ ನಾತಾನ ತಪ್ಪು ತೋರಿಸಲು ಬರುವುದು, ಆ ಕೀರ್ತನೆ ಅದರ ನಂತರದ್ದು. ಚಿಕ್ಕಂದಿನಿಂದ ಕೇಳಿದ ಕಥೆ, ಆದರೆ ಕೀರ್ತನೆಗೆ ಜೋಡಿಸಿ ನೋಡಿರಲಿಲ್ಲ. ಬೇರೆ ದಾರಿಯೇ ಉಳಿಯದವನ ಪ್ರಾರ್ಥನೆಯನ್ನು ದಾರಿ ತೆರೆದಿದ್ದ ನಾನು ಬಳಸಿಕೊಂಡಿದ್ದೆ. ನನಗೆ ಹೇಳಿದ್ದು ಮತ್ತಾಯ 5:23-24. ಕಾಣಿಕೆ ತಂದಾಗ ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನಾದರೂ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನೊಂದಿಗೆ ಒಂದಾಗು ಅಂತ ಯೇಸು ಹೇಳಿದ ಮಾತು. ಅದರಲ್ಲಿ "ಮೊದಲು" ಅಂತ ಸ್ಪಷ್ಟವಾಗಿದೆ.

ತಂಗಿಯ ಹತ್ತಿರ ಹೋಗುವ ತನಕ ಕರ್ತನ ಭೋಜನಕ್ಕೆ ಮುಂದೆ ಹೋಗುವುದನ್ನು ನಿಲ್ಲಿಸಿದೆ. ಇದು ನಾನೇ ಹಾಕಿಕೊಂಡ ಕಟ್ಟು, ಯಾರೂ ಹೇಳಿದ್ದಲ್ಲ. ಎಲ್ಲರೂ ಹೀಗೆ ಮಾಡಬೇಕು ಅಂತಲೂ ಹೇಳುವುದಿಲ್ಲ. ಆದರೆ ಬೆಂಚಿನಲ್ಲಿ ಒಬ್ಬನೇ ಕುಳಿತಾಗ ಪಕ್ಕದವರು ನೋಡುತ್ತಾರೆ. ಆ ಇರುಸುಮುರುಸು ನನ್ನನ್ನು ಮುಂದಕ್ಕೆ ತಳ್ಳಿತು.

ಮೊದಲ ಅಡ್ಡಿ ಮನೆಯಲ್ಲೇ ಇತ್ತು. "ಆಕಿ ಕೇಳೇ ಇಲ್ಲ, ನೀವ್ಯಾಕ ಕೆದಕ್ತೀರಿ?" ಅಂದಳು ಹೆಂಡತಿ. ಅವಳು ಹೇಳಿದ್ದರಲ್ಲಿ ನ್ಯಾಯವೂ ಇತ್ತು. ಮಗಳ ಮದುವೆಯ ಸಾಲ ಇನ್ನೂ ತೀರಿರಲಿಲ್ಲ. ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತನಾದವನಿಗೆ ಪಿಂಚಣಿ ಬಿಟ್ಟರೆ ಬೇರೆ ಏನಿದೆ? ನನ್ನ ಮನಸ್ಸಿನ ಶಾಂತಿಗೆ ಅವಳೂ ಬೆಲೆ ಕೊಡಬೇಕಾಗುತ್ತದೆ ಅನ್ನುವುದನ್ನು ನಾನು ಯೋಚಿಸಿಯೇ ಇರಲಿಲ್ಲ. ಬಹಳ ದಿನ ಜಗಳ ಆಯಿತು. ಕೊನೆಗೆ ಅವಳು ಒಪ್ಪಿದ್ದು ಯಾವ ವಚನದಿಂದಲೂ ಅಲ್ಲ. ತನ್ನ ತವರಿನಲ್ಲಿ ತಾನೂ ಹೀಗೇ ಒಂದು ಕಾಗದಕ್ಕೆ ಸಹಿ ಹಾಕಿದ್ದು ನೆನಪಾಗಿ ಒಪ್ಪಿದಳು.

ಆಮೇಲೆ ಲೆಕ್ಕ. ಇಲ್ಲಿ ಸತ್ಯವೇದ ಬಹಳ ಖಡಕ್. ಹಳೆಯ ಒಡಂಬಡಿಕೆಯ ಅರಣ್ಯಕಾಂಡ 5:7ರಲ್ಲಿ ತಪ್ಪು ಮಾಡಿದವನು ಅದನ್ನು ಅರಿಕೆಮಾಡಿ, ತೆಗೆದುಕೊಂಡದ್ದನ್ನು ಪೂರ್ತಿ ತಿರುಗಿ ಕೊಟ್ಟು, ಅದರ ಐದನೇ ಒಂದು ಭಾಗ ಹೆಚ್ಚಾಗಿ ಸೇರಿಸಬೇಕು ಅಂತಿದೆ. ಲೂಕ 19ರಲ್ಲಿ ಸುಂಕದವರ ಮುಖ್ಯಸ್ಥ ಜಕ್ಕಾಯ ಇನ್ನೂ ಮುಂದೆ ಹೋಗಿ ನಾಲ್ಕರಷ್ಟು ಕೊಡುತ್ತೇನೆ ಅನ್ನುತ್ತಾನೆ. ನಾಲ್ಕರಷ್ಟು ನನ್ನ ಕೈಲಾಗುತ್ತಿರಲಿಲ್ಲ. ಜಕ್ಕಾಯ ಶ್ರೀಮಂತ, ಅದನ್ನೂ ಲೂಕ ಬರೆದಿದ್ದಾನೆ! ನನ್ನ ಲೆಕ್ಕ ಹೀಗಿತ್ತು. ಅಪ್ಪನ ಮನೆಯಲ್ಲಿ ತಂಗಿಯದು ಮೂರನೇ ಒಂದು. ಅವ್ವನ ಮೂರನೇ ಒಂದರಲ್ಲಿ ಅವ್ವ ಹೋದ ಮೇಲೆ ಅರ್ಧ ತಂಗಿಗೇ ಬರಬೇಕಿತ್ತು. ಎರಡೂ ಸೇರಿಸಿದರೆ ಮನೆಯ ಸರಿಯಾಗಿ ಅರ್ಧ. ಹಾಗಾಗಿ ಮಾರಿದ ಬೆಲೆಯ ಅರ್ಧ, ಅದಕ್ಕೆ ಅಂದಿನಿಂದ ಬ್ಯಾಂಕಿನ ಠೇವಣಿ ಬಡ್ಡಿ, ಮೇಲೆ ಐದನೇ ಒಂದು. ಮೂರನೇ ಒಂದು ಕೊಟ್ಟರೆ ಸಾಕು ಅಂತ ನನ್ನೊಳಗಿನ ಲೆಕ್ಕಿಗ ಬಹಳ ದಿನ ವಾದ ಮಾಡಿದ. ಇಂದಿನ ಮಾರುಕಟ್ಟೆ ಬೆಲೆ ಹಿಡಿದರೆ ಇನ್ನೂ ಜಾಸ್ತಿ ಆಗುತ್ತದೆ, ಅದೂ ನನಗೆ ಗೊತ್ತು.

ಹೋಗುವ ಮುಂಚೆ ಸಭಾಪಾಲಕರು ಕೆಲವು ಮಾತು ಹೇಳಿ ಕಳಿಸಿದರು. ಬೇರೆಯವರಿಗೂ ಉಪಯೋಗ ಆಗಬಹುದು. ಸತ್ಯವೇದ ಕೈಯಲ್ಲಿ ಹಿಡಿದುಕೊಂಡು ಹೋಗಬೇಡಿ. ಕ್ರಿಸ್ಮಸ್, ಈಸ್ಟರ್ ಅಂತ ಹಬ್ಬದ ದಿನ ನೋಡಬೇಡಿ, ಹಬ್ಬದಲ್ಲಿ ಯಾರೂ ಇಲ್ಲ ಅನ್ನಲಾರರು. ನಿನಗೆ ಬೇಜಾರಾಗಿದ್ದರೆ ಕ್ಷಮಿಸು ಅನ್ನಬೇಡಿ, ಮಾಡಿದ್ದನ್ನು ಮಾಡಿದೆ ಅಂತ ಹೇಳಿ. ಅವಳ ಮುಂದೆ ಅಳಬೇಡಿ, ಅತ್ತರೆ ಅವಳೇ ನಿಮಗೆ ಸಮಾಧಾನ ಹೇಳಬೇಕಾಗುತ್ತದೆ. ಎಲ್ಲಕ್ಕಿಂತ ಕಷ್ಟದ್ದು ಕೊನೆಯದು. ಅವತ್ತೇ ಉತ್ತರ ಕೇಳಬೇಡಿ.

ನಾನು ರೈಲಿನಲ್ಲಿ ಹೋದೆ. ಹಾವೇರಿ ದಾಟುವ ತನಕ ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ತಿದ್ದುತ್ತಲೇ ಇದ್ದೆ. ಅಲ್ಲಿ ಹೋಗಿ ಹೇಳಿದ್ದು ಎರಡೇ ಮಾತು. ಅಪ್ಪನ ಮನೆಯಲ್ಲಿ ನಿನ್ನ ಪಾಲು ಇದೆ ಅಂತ ನನಗೆ ಗೊತ್ತಿತ್ತು, ಗೊತ್ತಿದ್ದೇ ಸಹಿ ಹಾಕಿಸಿಕೊಂಡೆ. ಅದನ್ನು ಬಡ್ಡಿ ಸೇರಿಸಿ ಕೊಡುತ್ತೇನೆ, ಒಂದೇ ಸಲಕ್ಕೆ ಆಗುವುದಿಲ್ಲ.

ಅವಳು ಚಹಾ ಸೋಸುತ್ತಿದ್ದಳು. ಸೋಸಿ ಮುಗಿಸಿ ಅಂದಳು, "ಅಣ್ಣಾ, ನನಗ ಗೊತ್ತಿರಲಿಲ್ಲ ಅಂತ ತಿಳಕೊಂಡಿಯೇನು? ಮರುವರ್ಷನ ಗೊತ್ತಾಗಿತ್ತು. ಅವ್ವ ಇರೂತನಕ ಬಾಯಿ ಬಿಡಬಾರದು ಅಂತ ಸುಮ್ನಿದ್ದೆ." ಅವಳ ಗಂಡನಿಗೆ ವ್ಯಾಪಾರದಲ್ಲಿ ನಷ್ಟವಾದಾಗ, ದೊಡ್ಡ ಮಗನ ಕಾಲೇಜು ಬಿಡಿಸಿದಾಗ, ಆ ರೊಕ್ಕ ಇದ್ದಿದ್ದರೆ ಅಂತ ಪ್ರತಿ ಸಲ ನೆನೆಸಿಕೊಂಡಿದ್ದಾಳೆ. ಒಂದೊಂದಾಗಿ ಹೇಳಿದಳು. ಸಿಟ್ಟಿನಿಂದ ಅಲ್ಲ, ಅಂಗಡಿಯ ಬಾಕಿ ಓದಿದ ಹಾಗೆ. ನಾನು ಕೇಳಿಸಿಕೊಂಡೆ. ಕೊನೆಗೆ, "ರೊಕ್ಕ ತಗೋತೀನಿ, ಅದು ನಂದು. ಕ್ಷಮಾ ಮಾಡೇನಿ ಅಂತ ಈಗ ಬಾಯಿಲೆ ಬರವಲ್ದು. ಸುಳ್ಳು ಹೇಳಲೇನು?" ಅಂದಳು.

ವಾಪಸ್ ಬರುವಾಗ ನನ್ನ ಮನಸ್ಸು ಹಗುರವಾಗಿತ್ತು ಅಂತ ಬರೆದರೆ ಸುಳ್ಳಾಗುತ್ತದೆ. ಸಿಟ್ಟು ಬಂದಿತ್ತು. ಅವಳೂ ವಿಶ್ವಾಸಿಯೇ ಅಲ್ವಾ? ಏಳೆಪ್ಪತ್ತು ಸಲ ಕ್ಷಮಿಸಬೇಕು ಅನ್ನುವುದು ಅವಳಿಗೂ ಗೊತ್ತಲ್ಲ? ಮನೆಗೆ ಬಂದು ಆ ವಚನವನ್ನೇ ತೆಗೆದೆ, ಮತ್ತಾಯ 18. ಅದರ ಬೆನ್ನಿಗೇ ಸಾಲಗಾರ ಆಳಿನ ಸಾಮ್ಯ, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆ, ಇದೆ. ಒಬ್ಬನಿಗೆ ಹತ್ತು ಸಾವಿರ ತಲಾಂತಿನ ಸಾಲ. ಒಂದು ತಲಾಂತು ಅಂದರೆ ಸುಮಾರು ಆರು ಸಾವಿರ ದಿನದ ಕೂಲಿ. ಅಷ್ಟೂ ಮನ್ನಾ ಆಗುತ್ತದೆ. ಅವನು ಹೊರಗೆ ಹೋಗಿ ನೂರು ದಿನದ ಕೂಲಿಯಷ್ಟು ಸಾಲಕ್ಕೆ ಇನ್ನೊಬ್ಬನ ಕುತ್ತಿಗೆ ಹಿಡಿಯುತ್ತಾನೆ. ಆ ಸಾಮ್ಯವನ್ನು ತಂಗಿಗೆ ಓದಿ ಹೇಳಬೇಕು ಅಂದುಕೊಂಡವನು ನಾನು. ಎರಡನೇ ಸಲ ಓದಿದಾಗ ತಿಳಿಯಿತು. ಮನ್ನಾ ಮಾಡಿಸಿಕೊಂಡು ಬಂದು ಕ್ಷಮೆಯನ್ನು ವಸೂಲಿ ಮಾಡಲು ಹೊರಟವನು ಅದರಲ್ಲಿ ಯಾರು ಅಂತ.

ದೇವರು ಕ್ಷಮಿಸಿದ್ದಾನೆ ಅಂತ ನಾನು ನಂಬುತ್ತೇನೆ. ಅದು ನಾನು ಕೊಡುವ ಕಂತಿನ ಮೇಲೆ ನಿಂತಿಲ್ಲ. ಬಾಸೆಲ್ ಮಿಶನ್ ಮನೆಯಲ್ಲಿ ಬೆಳೆದವನಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ದುಡ್ಡು ಕೊಟ್ಟು ಪಾಪದ ಶಿಕ್ಷೆ ಕಡಿಮೆ ಮಾಡಿಸಿಕೊಳ್ಳುವ ಚೀಟಿಗಳ ವಿರುದ್ಧವೇ ಅಲ್ಲವೇ 1517ರಲ್ಲಿ ಜರ್ಮನಿಯ ಮಾರ್ಟಿನ್ ಲೂಥರ್ ಎದ್ದದ್ದು? ಆದರೆ ಅದೇ ಲೂಥರ್ ಬರೆದ 95 ಮಾತುಗಳಲ್ಲಿ ಮೊದಲನೆಯದು, ವಿಶ್ವಾಸಿಯ ಇಡೀ ಬದುಕೇ ಮಾನಸಾಂತರ, ಅಂದರೆ ಪಶ್ಚಾತ್ತಾಪಪಟ್ಟು ತಿರುಗಿಕೊಳ್ಳುವುದು, ಆಗಿರಬೇಕು ಅನ್ನುವುದು. ತಂಗಿಯ ಕ್ಷಮೆ ತಂಗಿಗೆ ಸೇರಿದ್ದು. ದೇವರು ಕ್ಷಮಿಸಿದ್ದಾನೆ ಅಂತ ಹೇಳಿ ಅದನ್ನು ಅವಳ ಕೈಯಿಂದ ಕಿತ್ತುಕೊಳ್ಳಲು ಬರುವುದಿಲ್ಲ. ಒಂದು ಸಲ ಅವಳ ಸಹಿ ತೆಗೆದುಕೊಂಡದ್ದೇ ಸಾಕು.

ಕರ್ತನ ಭೋಜನಕ್ಕೆ ಈಗ ಮತ್ತೆ ಹೋಗುತ್ತೇನೆ. ಪೌಲನ ರೋಮಾಪುರದ ಪತ್ರದಲ್ಲಿ, ಸಾಧ್ಯವಾದರೆ ನಿಮ್ಮಿಂದಾಗುವ ಮಟ್ಟಿಗೆ ಎಲ್ಲರ ಸಂಗಡ ಸಮಾಧಾನದಿಂದಿರಿ ಅಂತಿದೆ. ನನ್ನಿಂದ ಆಗುವುದನ್ನು ಮಾಡುತ್ತಿದ್ದೇನೆ ಅನ್ನುವ ಧೈರ್ಯದ ಮೇಲೆ ಹೋಗುತ್ತೇನೆ.

ಇನ್ನು ಅವ್ವ. ಇದು ಬೇರೆಯೇ ಕಥೆ. "ನೀ ಸುಮ್ನ ಕುಂದರು" ಅಂದದ್ದಕ್ಕೆ ಯಾರ ಹತ್ತಿರ ಹೋಗಲಿ? ಯೇಸುವಿನ ಶಿಷ್ಯ ಪೇತ್ರನ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು ಇದೆ. ಅವನು ಯೇಸುವನ್ನು ಅರಿಯೆನು ಅಂತ ಮೂರು ಸಲ ಹೇಳಿದ. ಆದರೆ ಯೇಸು ಸಾವಿನಿಂದ ಎದ್ದು ಬಂದು, ಕೆರೆಯ ದಡದಲ್ಲಿ ಕೆಂಡದ ಪಕ್ಕ ಕೂರಿಸಿ ಉಣಿಸಿ, ನನ್ನನ್ನು ಪ್ರೀತಿಸುತ್ತೀಯಾ ಅಂತ ಮೂರು ಸಲ ಕೇಳಿದ. ಅವನಿಗೆ ಮೂರು ಸಲ ಹೌದು ಅನ್ನುವ ಅವಕಾಶ ಸಿಕ್ಕಿತು. ನನಗೆ ಅದಿಲ್ಲ. ನಮ್ಮ ಸಭೆಯ ರೂಢಿಯಲ್ಲಿ ಸತ್ತವರ ಜೊತೆ ಮಾತಾಡುವುದೂ ಇಲ್ಲ, ಅವರಿಗಾಗಿ ಪ್ರಾರ್ಥಿಸುವುದೂ ಇಲ್ಲ.

ಹೀಗಾಗಿ ಅವ್ವನ ವಿಷಯದಲ್ಲಿ ನನಗೆ ಐವತ್ತೊಂದನೇ ಕೀರ್ತನೆ ತಿರುಗಿ ಸಿಕ್ಕಿತು. ಈಗ ಅದು ನಿಜಕ್ಕೂ ನನ್ನದೇ, ನಾನೂ ಊರೀಯನನ್ನು ಕಳೆದುಕೊಂಡವನು. ಜಜ್ಜಿಹೋದ ಮನಸ್ಸನ್ನು ದೇವರು ತಿರಸ್ಕರಿಸುವುದಿಲ್ಲ ಅನ್ನುವಲ್ಲಿಗೆ ಬಂದು ನಿಲ್ಲುತ್ತೇನೆ. ಮುಂಚಿನ ಹಾಗೆ ದಿನಕ್ಕೆ ನಾಲ್ಕು ಸಲ ಹೇಳುವುದಿಲ್ಲ. ಒಮ್ಮೆ ಹೇಳಿ, ಎದ್ದು ಆ ದಿನದ ಕೆಲಸಕ್ಕೆ ಹೋಗುತ್ತೇನೆ. ಅವ್ವ ಕೇಳಿದ್ದು "ಆಕಿಗೂ ಏನರ ಕೊಡು" ಅಂತ, ಅದನ್ನು ಈಗ ಕೊಡುತ್ತಿದ್ದೀರಲ್ಲ ಅಂತ ಸಭಾಪಾಲಕರು ಒಮ್ಮೆ ನೆನಪಿಸಿದರು. ಅದರಿಂದ ನೋವು ಹೋಯಿತು ಅನ್ನಲಾರೆ. ರಾತ್ರಿ ನಿದ್ದೆ ಬರುತ್ತದೆ, ಅಷ್ಟು ನಿಜ.

ತಂಗಿಗೆ ತಿಂಗಳು ತಿಂಗಳು ಪಿಂಚಣಿ ಬಂದ ದಿನವೇ ಕಳಿಸುತ್ತೇನೆ. ಬಂತು ಅಂತ ಫೋನ್ ಮಾಡುತ್ತಾಳೆ, ಮೊಮ್ಮಕ್ಕಳ ಸುದ್ದಿ ಹೇಳುತ್ತಾಳೆ. ಆ ಇನ್ನೊಂದು ಮಾತು ಇನ್ನೂ ಬಂದಿಲ್ಲ. ನಾನೂ ಕೇಳಿಲ್ಲ.

ಕಂತು ಮುಗಿಯುವ ಮುಂಚೆ ನಾನೇ ಮುಗಿದರೆ ಅಂತ ಹೋದ ವರ್ಷ ಉಯಿಲು ಬರೆಸಿದೆ. ತಂಗಿಯ ಬಾಕಿ ಮೊದಲು ತೀರಬೇಕು, ಉಳಿದದ್ದರಲ್ಲಿ ಹೆಂಡತಿಗೆ ಮೂರನೇ ಒಂದು, ಮಿಕ್ಕಿದ್ದು ಮಗನಿಗೂ ಮಗಳಿಗೂ ಸಮ. ಮಗ ಓದಿ, "ಸಾಕ್ಷಿಗೆ ನಾನೇ ಸಹಿ ಹಾಕಲೇನು?" ಅಂದ. ವಕೀಲರು ನಕ್ಕು ತಡೆದರು. ಉಯಿಲಿಗೆ ಇಬ್ಬರು ಸಾಕ್ಷಿ ಬೇಕು, ಆದರೆ ಅದರಲ್ಲಿ ಪಾಲು ಇರುವವನೇ ಸಾಕ್ಷಿ ಹಾಕಿದರೆ ಅದೇ 1925ರ ಕಾಯ್ದೆಯ ಪ್ರಕಾರ ಅವನಿಗೆ ಬರೆದದ್ದು ರದ್ದಾಗುತ್ತದೆ. ಸಭೆಯ ಇಬ್ಬರು ಹಿರಿಯರನ್ನು ಕರೆಸಿ ಸಹಿ ಮಾಡಿಸಿದೆವು.