ಕಾಲಿನ ಉಬ್ಬಿದ ರಕ್ತನಾಳ: ಪರೀಕ್ಷೆಯಿಂದ ಚಿಕಿತ್ಸೆಯವರೆಗೆ

ತರಗತಿಯಲ್ಲಿ ನಿಂತೇ ಪಾಠ ಮಾಡುವ ಶಿಕ್ಷಕರು, ಬಸ್ ನಿರ್ವಾಹಕರು, ಹೋಟೆಲಿನ ಅಡುಗೆಯವರು, ಸಂಚಾರ ಪೊಲೀಸರು ಸಂಜೆಯಾಗುತ್ತಲೇ ಕಾಲು ಭಾರ ಎಂದರೆ ಅದನ್ನು ದಣಿವೆಂದು ಬಿಟ್ಟುಬಿಡುವುದೇ ಹೆಚ್ಚು. ಆ ಭಾರದ ಜೊತೆಗೆ ಮೀನಖಂಡದ ಮೇಲೋ ತೊಡೆಯ ಒಳಬದಿಯಲ್ಲೋ ನೀಲಿ ರಕ್ತನಾಳಗಳು ಸುರುಳಿ ಸುತ್ತಿಕೊಂಡು ಉಬ್ಬಿದ್ದರೆ ಅದು ವೆರಿಕೋಸ್ ವೇನ್ಸ್ ಆಗಿರುವ ಸಾಧ್ಯತೆ ಹೆಚ್ಚು. ಇದಕ್ಕೆ ಇಂದು ಒಳ್ಳೆಯ ಚಿಕಿತ್ಸೆಗಳಿವೆ. ಆದರೆ ಯಾವ ಚಿಕಿತ್ಸೆ ಬೇಕೆಂಬುದು ಹೊರಗೆ ಕಾಣುವ ಉಬ್ಬಿನಿಂದಲ್ಲ, ಒಳಗೆ ಎಲ್ಲಿ ಸೋರಿಕೆಯಾಗುತ್ತಿದೆ ಎಂಬುದರಿಂದ ತೀರ್ಮಾನವಾಗಬೇಕು.

ಕಾಲಿನ ರಕ್ತ ಗುರುತ್ವಕ್ಕೆ ಎದುರಾಗಿ ಹೃದಯದ ಕಡೆಗೆ ಏರಬೇಕು. ನಡೆಯುವಾಗ ಮೀನಖಂಡದ ಸ್ನಾಯುಗಳು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ, ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳಗಳಾದ ಅಭಿಧಮನಿಗಳೊಳಗಿನ ಪುಟ್ಟ ಕವಾಟಗಳು ಅದು ಕೆಳಗೆ ಜಾರದಂತೆ ತಡೆಯುತ್ತವೆ. ಬಾವಿಯ ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಸೋರಿದರೆ ಪೈಪಿನ ನೀರು ಮತ್ತೆ ಬಾವಿಗೆ ಇಳಿಯುವಂತೆ, ಕವಾಟ ಕೆಟ್ಟ ಅಭಿಧಮನಿಯಲ್ಲಿ ರಕ್ತ ಹಿಮ್ಮುಖವಾಗಿ ಇಳಿದು ಅಲ್ಲೇ ನಿಲ್ಲುತ್ತದೆ. ಆ ಒತ್ತಡಕ್ಕೆ ಚರ್ಮದಡಿಯ ಕವಲುಗಳು ಹಿಗ್ಗುತ್ತವೆ. ಮನೆತನದಲ್ಲಿ ಯಾರಿಗಾದರೂ ಇದ್ದದ್ದು, ವಯಸ್ಸು, ಗರ್ಭಧಾರಣೆ, ಬೊಜ್ಜು, ಬಹುಕಾಲ ನಿಲ್ಲುವ ಕೆಲಸ ಇವೆಲ್ಲ ಅಪಾಯವನ್ನು ಹೆಚ್ಚಿಸುತ್ತವೆ.

ಆರಂಭದಲ್ಲಿ ಭಾರ, ಸೆಳೆತ, ತುರಿಕೆ, ಸಂಜೆ ಬಾವು ಮಾತ್ರ ಇರುತ್ತವೆ. ವರ್ಷಗಳುರುಳಿದಂತೆ ಕಣಕಾಲಿನ ಒಳಬದಿಯ ಚರ್ಮ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಬಹುದು. ಆಮೇಲೆ ಸಣ್ಣ ಗಾಯವೂ ಮಾಯದ ಹುಣ್ಣಾಗಬಹುದು. ಚರ್ಮದ ಬಣ್ಣ ಬದಲಾದುದನ್ನು ಕಂಡ ಮೇಲೂ ಕಾಯುತ್ತ ಕುಳಿತುಕೊಳ್ಳಬಾರದು ಎಂದು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಹುಣ್ಣಾಗುವ ಮುನ್ನ ಸುಲಭವಾಗಿ ಮುಗಿಯುವ ಚಿಕಿತ್ಸೆ ಹುಣ್ಣಾದ ಮೇಲೆ ತಿಂಗಳುಗಟ್ಟಲೆ ಎಳೆಯುತ್ತದೆ.

ಮೊದಲು ರಕ್ತನಾಳ ತಜ್ಞರನ್ನು, ಅಂದರೆ ವ್ಯಾಸ್ಕುಲರ್ ಸರ್ಜನ್ನರನ್ನು, ಕಾಣಿರಿ. ಅವರು ಹತ್ತಿರದಲ್ಲಿ ಇಲ್ಲದಿದ್ದರೆ ಜನರಲ್ ಸರ್ಜನ್ನರಿಂದ ಆರಂಭಿಸಬಹುದು. ಮುಖ್ಯ ಪರೀಕ್ಷೆ ಡಾಪ್ಲರ್ ಸ್ಕ್ಯಾನ್, ಅಂದರೆ ರಕ್ತದ ಹರಿವನ್ನು ತೋರಿಸುವ ಅಲ್ಟ್ರಾಸೌಂಡ್. ಇದರಲ್ಲಿ ಸೂಜಿಯಿಲ್ಲ, ನೋವಿಲ್ಲ. ಕಾಲಿಗೆ ಜೆಲ್ ಹಚ್ಚಿ, ಮೀನಖಂಡವನ್ನು ಕೈಯಿಂದ ಒತ್ತಿ ಬಿಟ್ಟು, ರಕ್ತ ಹಿಂದಕ್ಕೆ ಎಷ್ಟು ಹೊತ್ತು ಹರಿಯುತ್ತದೆಂದು ನೋಡುತ್ತಾರೆ. ಚರ್ಮದಡಿಯ ಅಭಿಧಮನಿಯಲ್ಲಿ ಈ ಹಿಮ್ಮುಖ ಹರಿವು 0.5 ಸೆಕೆಂಡಿಗಿಂತ ಹೆಚ್ಚು ಇದ್ದರೆ ಕವಾಟ ಸೋರುತ್ತಿದೆ ಎಂದರ್ಥ. ಮಲಗಿದಾಗ ಸೋರಿಕೆ ಮರೆಯಾಗಬಹುದಾದ್ದರಿಂದ ಈ ಭಾಗವನ್ನು ರೋಗಿಯನ್ನು ನಿಲ್ಲಿಸಿಯೇ ನೋಡಬೇಕು. ಹಾಗೆ ನೋಡಿದಿರೇ ಎಂದು ಕೇಳಲು ಸಂಕೋಚ ಬೇಡ. ವರದಿಯಲ್ಲಿ ಎರಡು ಸಂಗತಿಗಳು ಸ್ಪಷ್ಟವಾಗಿರಬೇಕು: ತೊಡೆಸಂದಿನಿಂದ ಇಳಿಯುವ ಉದ್ದನೆಯ ಸಫೀನಸ್ ಅಭಿಧಮನಿಯೂ ಮಂಡಿಯ ಹಿಂದಿನ ಚಿಕ್ಕದೂ ಎಲ್ಲೆಲ್ಲಿ ಸೋರುತ್ತಿವೆ, ಮತ್ತು ಒಳಗಿನ ಆಳದ ಅಭಿಧಮನಿಗಳಲ್ಲಿ ಹೆಪ್ಪುಗಟ್ಟಿದ ರಕ್ತ ಅಥವಾ ತಡೆ ಇಲ್ಲವೇ ಎಂಬುದು. ಕಾಲಿನ ಹೆಚ್ಚಿನ ರಕ್ತವನ್ನು ಒಯ್ಯುವವು ಆಳದ ಅಭಿಧಮನಿಗಳು. ಅವು ಸರಿಯಿದ್ದರೆ ಮೇಲಿನ ಕೆಟ್ಟ ನಾಳವನ್ನು ಮುಚ್ಚಿದರೂ ರಕ್ತಸಂಚಾರಕ್ಕೆ ಕುಂದಿಲ್ಲ. ನಾಳ ಮುಚ್ಚಿದರೆ ರಕ್ತ ಎಲ್ಲಿಗೆ ಹೋಗುತ್ತದೆ ಎಂಬ ರೋಗಿಗಳ ಆತಂಕಕ್ಕೆ ಇದೇ ಉತ್ತರ. ಸ್ಕ್ಯಾನ್ ಇಲ್ಲದೆ ಚಿಕಿತ್ಸೆಯ ದಿನಾಂಕ ಕೊಡುವವರಿಂದ ದೂರವಿರುವುದು ಒಳಿತು.

ಬಿಗಿ ಕಾಲುಚೀಲ, ಅಂದರೆ ಕಂಪ್ರೆಷನ್ ಸ್ಟಾಕಿಂಗ್ಸ್, ಭಾರ ಮತ್ತು ಬಾವನ್ನು ತಗ್ಗಿಸುತ್ತದೆ, ಕವಾಟವನ್ನು ಸರಿಪಡಿಸುವುದಿಲ್ಲ. ಸಾಮಾನ್ಯವಾಗಿ 20ರಿಂದ 30 ಮಿಲಿಮೀಟರ್ ಪಾದರಸದ ಒತ್ತಡದ್ದನ್ನು ಬರೆದುಕೊಡುತ್ತಾರೆ. ಬಹಳ ಜನರಿಗೆ ಮಂಡಿಯವರೆಗಿನದು ಸಾಕು. ಬಾವಿಲ್ಲದ ಬೆಳಗಿನ ಹೊತ್ತು ಅಳತೆ ಕೊಟ್ಟು ಕೊಳ್ಳಿರಿ. ಹಾಕುವಾಗ ಚೀಲವನ್ನು ಹಿಮ್ಮಡಿಯವರೆಗೆ ಒಳಮಗ್ಗುಲು ತಿರುವಿ, ಪಾದ ತೂರಿಸಿ, ಹಿಮ್ಮಡಿ ತನ್ನ ಜಾಗದಲ್ಲಿ ಕುಳಿತ ಮೇಲೆ ಅಂಗೈಯಿಂದ ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆ ಸರಿಸಬೇಕು. ಮೇಲಿನ ಅಂಚನ್ನು ಮಡಚಿದರೆ ಅಲ್ಲಿ ಒತ್ತಡ ಇಮ್ಮಡಿಯಾಗಿ ಕಾಲಿಗೆ ದಾರ ಬಿಗಿದಂತಾಗುತ್ತದೆ, ಹಾಗೆ ಮಾಡಬೇಡಿ. ಹಾಸಿಗೆಯಿಂದ ಇಳಿಯುವ ಮುನ್ನ ಹಾಕಿ, ರಾತ್ರಿ ತೆಗೆಯಿರಿ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಇದನ್ನು ದಿನವಿಡೀ ತೊಡುವುದು ಕಷ್ಟವೇ ಸರಿ. ನಿಂತು ಕೆಲಸ ಮಾಡುವಷ್ಟು ಹೊತ್ತಾದರೂ ತೊಟ್ಟರೆ ಪ್ರಯೋಜನವಿದೆ. ಆದರೆ ಮಧುಮೇಹಿಗಳು, ಧೂಮಪಾನಿಗಳು, ನಡೆದಾಗ ಮೀನಖಂಡ ನೋಯುವವರು ಮೊದಲು ಕಾಲಿನ ಶುದ್ಧರಕ್ತದ ಹರಿವನ್ನು ಪರೀಕ್ಷಿಸಿಕೊಳ್ಳಲೇಬೇಕು. ಆ ಹರಿವು ಕುಗ್ಗಿದ ಕಾಲಿಗೆ ಬಿಗಿ ಚೀಲ ಹಾನಿ ಮಾಡುತ್ತದೆ. ಎಣ್ಣೆ ತಿಕ್ಕುವುದರಿಂದ ಹಿತವೆನಿಸಬಹುದು, ಆದರೆ ಉಬ್ಬನ್ನು ಬಲವಾಗಿ ಒತ್ತಿ ತಿಕ್ಕಬಾರದು.

ಸೋರುವ ಮುಖ್ಯ ನಾಳವನ್ನು ಮುಚ್ಚಲು ಈಗ ಮೊದಲ ಆಯ್ಕೆ ಶಾಖ. ಚಿಕಿತ್ಸೆಗಳ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಲೇಸರ್ ಅಥವಾ ರೇಡಿಯೋ ಫ್ರೀಕ್ವೆನ್ಸಿಯ, ಅಂದರೆ ರೇಡಿಯೋ ತರಂಗಗಳ, ಶಾಖವನ್ನು ಮೊದಲಿಗೆ, ಅದು ಹೊಂದದಿದ್ದರೆ ನಾಳವನ್ನು ಮುಚ್ಚಿಸುವ ನೊರೆರೂಪದ ಫೋಮ್ ಚುಚ್ಚುಮದ್ದನ್ನು, ಅದೂ ಆಗದಿದ್ದರೆ ಶಸ್ತ್ರಚಿಕಿತ್ಸೆಯನ್ನು ಇರಿಸಿತು. ಮಂಡಿಯ ಬಳಿ ಸೂಜಿಯಿಂದ ನಾಳದೊಳಗೆ ತೆಳು ಕೊಳವೆ ಹೊಗಿಸಿ, ನಾಳದ ಸುತ್ತ ಮರಗಟ್ಟಿಸುವ ದ್ರವ ತುಂಬಿ, ಒಳಗಿನಿಂದ ಕಾಯಿಸುತ್ತಾರೆ; ರೇಡಿಯೋ ಫ್ರೀಕ್ವೆನ್ಸಿಯ ಒಂದು ಪ್ರಚಲಿತ ವಿಧಾನದಲ್ಲಿ ನಾಳದ ಪ್ರತಿ ತುಂಡನ್ನು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ಸೆಕೆಂಡು ಇರಿಸುತ್ತಾರೆ. ಬಹುತೇಕರು ಅದೇ ದಿನ ನಡೆದುಕೊಂಡು ಮನೆಗೆ ಹೋಗುತ್ತಾರೆ. ಕೆಲವು ದಿನ ನೀಲಿಗಟ್ಟುವಿಕೆ, ತೊಡೆಯಲ್ಲಿ ಎಳೆದಂತಹ ನೋವು ಸಹಜ. ಚರ್ಮದಲ್ಲಿ ಜೋಮು ಮತ್ತು ಅಪರೂಪವಾಗಿ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ಇದರ ತೊಡಕುಗಳು. ಉಬ್ಬಿದ ಕವಲುಗಳನ್ನು ಸಣ್ಣ ರಂಧ್ರಗಳ ಮೂಲಕ ಹೊರತೆಗೆಯಬಹುದು. ಒಂದು ನಾಳ ಮುಚ್ಚಿದ ಮಾತ್ರಕ್ಕೆ ಬೇರೊಂದರಲ್ಲಿ ಮುಂದೆ ಸೋರಿಕೆ ಆಗುವುದೇ ಇಲ್ಲ ಎನ್ನಲಾಗದು. ಗರ್ಭಿಣಿಯರಲ್ಲಿ ಉಬ್ಬು ಹೆರಿಗೆಯ ನಂತರ ಬಹುಮಟ್ಟಿಗೆ ಇಳಿಯುವುದರಿಂದ ಅಲ್ಲಿಯವರೆಗೆ ಈ ವಿಧಾನಗಳನ್ನು ಮುಂದೂಡುತ್ತಾರೆ. ಹುಣ್ಣಾದವರಿಗೂ ಬ್ಯಾಂಡೇಜಿನ ಜೊತೆಗೆ ನಾಳವನ್ನು ಬೇಗ ಮುಚ್ಚಿದರೆ ಗಾಯ ಬೇಗ ಮಾಯುತ್ತದೆಂದು 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು ತೋರಿಸಿತು.

ಎರಡು ಸಂದರ್ಭಗಳಲ್ಲಿ ತಡಮಾಡಬಾರದು. ಉಬ್ಬಿದ ನಾಳ ಒಡೆದು ರಕ್ತ ಚಿಮ್ಮಿದರೆ ತಕ್ಷಣ ಮಲಗಿ, ಕಾಲನ್ನು ಎದೆಗಿಂತ ಎತ್ತರಕ್ಕೆ ಎತ್ತಿ, ಶುಭ್ರ ಬಟ್ಟೆಯಿಂದ ಗಾಯದ ಮೇಲೆಯೇ ಒತ್ತಿ ಹಿಡಿದು ಆಸ್ಪತ್ರೆಗೆ ಹೋಗಿ. ಗಾಯದ ಮೇಲ್ಭಾಗದಲ್ಲಿ ಹಗ್ಗ ಬಿಗಿಯಬೇಡಿ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿಕೊಂಡು ನೋಯತೊಡಗಿದರೆ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಅಂದೇ ವೈದ್ಯರಿಗೆ ತೋರಿಸಿ. ಅದರೊಂದಿಗೆ ಎದೆನೋವು ಅಥವಾ ಉಸಿರು ಕಟ್ಟುವಿಕೆ ಇದ್ದರೆ 108ಕ್ಕೆ ಕರೆ ಮಾಡಿ.